ನೊಣ ತಿನ್ನುವ ಗೌಡಸಾನಿ

ವ್ಯಾಪಾರವಿಲ್ಲದೆ ಕೂತ ಅಂಗಡಿಕಾರನನ್ನು ಕಂಡರೆ ಜನ ‘ನೊಣ ಹೊಡಕೋತ ಕುಂತಾನ’ ಅನ್ನುತ್ತಾರೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಇನ್ವರ್ಟರ್ ಬ್ಯಾಟರಿ ಮಾರುತ್ತಿರುವ ನನಗೆ ಈ ಮಾತು ಹೊಸದಲ್ಲ. ಆದರೆ ಈಚೆಗೆ ನನ್ನ ಪಾಲಿಗೆ ಅದು ಅಕ್ಷರಶಃ ನಿಜವಾಗಿದೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ. ನಾನು ನೊಣ ಹೊಡೆಯುವುದಿಲ್ಲ, ಹಿಡಿಯುತ್ತೇನೆ. ಹೊಡೆದ ನೊಣ ನನ್ನ ಕೆಲಸಕ್ಕೆ ಬರುವುದಿಲ್ಲ. ಜೀವಂತವಾಗಿರಬೇಕು, ಕೈಕಾಲು ನೆಟ್ಟಗಿರಬೇಕು, ಚುರುಕಾಗಿರಬೇಕು, ತೀರ ದೊಡ್ಡದೂ ಆಗಿರಬಾರದು. ಮಗಳಿಗೆ ಗಂಡು ನೋಡುವಾಗಲೂ ನಾನು ಇಷ್ಟು ಷರತ್ತು ಹಾಕಲಾರೆ.

ಮೊದಮೊದಲು ಈ ಕೆಲಸಕ್ಕೆ ಬಹಳ ನಾಚಿಕೆಯಾಗುತ್ತಿತ್ತು. ಅಂಗಡಿಯ ಎದುರು ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತದೆ. ಅಲ್ಲಿ ನೊಣಕ್ಕೇನು ಬರವಿರಲಾರದು ಎಂದು ಒಂದು ಮಧ್ಯಾಹ್ನ ಖಾಲಿ ಕಡ್ಡಿಪೆಟ್ಟಿಗೆ ಹಿಡಿದು ಹೋದೆ. ಗಾಡಿಯ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದ ನನ್ನನ್ನು ಕಂಡು ಗಾಡಿಯವನು, “ಏನ ಹುಡುಕಾಕತ್ತೀರಿ ಸಾವ್ಕಾರ್ರ?” ಅಂದ. ಸುಳ್ಳು ಹೇಳಲು ಹೊಳೆಯಲಿಲ್ಲ. “ಏನಿಲ್ಲಪಾ, ಒಂದೆರಡು ನೊಣ ಬೇಕಾಗಿದ್ವು” ಅಂದೆ. ಅವನ ಮುಖ ಕಪ್ಪಿಟ್ಟಿತು. “ನಮ್ಮ ಗಾಡಿ ಮ್ಯಾಲ ಒಂದ ನೊಣಾನೂ ಇಲ್ರಿ. ಬೇಕಾದ್ರ ಬ್ಯಾರೆ ಕಡೆ ಕೇಳ್ರಿ” ಎಂದವನು ಅಂದಿನಿಂದ ಒಂದು ವಾರ ನನಗೆ ನಮಸ್ಕಾರ ಹೇಳಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಮಗಳು ಅಕ್ಷತಾ. ಕೃಷಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಊರಿಗೆಲ್ಲ ಜೋಳ, ತೊಗರಿ, ದ್ರಾಕ್ಷಿಯ ವಿಷಯ ಓದುತ್ತಾಳೆ. ಮನೆಗೆ ಮಾತ್ರ ಫೋನಿನಲ್ಲೇ ತರಿಸಿದ್ದು ನೊಣ ತಿನ್ನುವ ಗಿಡ. ಅದು ಬಂದು ಇನ್ನೂ ತಿಂಗಳಾಗಿರಲಿಲ್ಲ, ರೈತರ ಜೊತೆಗಿದ್ದು ಕೆಲಸ ಕಲಿಯಬೇಕೆಂದು ಕಾಲೇಜಿನವರು ಇವಳನ್ನು ಬಬಲೇಶ್ವರದ ಕಡೆಯ ಒಂದು ಹಳ್ಳಿಗೆ ಕಳಿಸಿದರು. ಹೋಗುವ ಮುಂಚೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದಳು. ನಳದ ನೀರು ಬೇಡ. ಬೋರಿನ ನೀರಂತೂ ಬೇಡವೇ ಬೇಡ. ಗೊಬ್ಬರ ಬೇಡ. ಅನ್ನ, ರೊಟ್ಟಿ, ಚೂಡಾ ಬೇಡ. ಸುಮ್ಮಸುಮ್ಮನೆ ಬಾಯಿಯಲ್ಲಿ ಬೆರಳು ಹಾಕಬೇಡಿ. ಕೊನೆಯ ಸೂಚನೆಯ ಪಕ್ಕದಲ್ಲಿ ‘ಅಪ್ಪಾ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಗಿಡ ಅಂದರೆ ಬಹಳ ದೊಡ್ಡದಲ್ಲ, ಅಂಗೈಯಗಲ. ಒಂದೊಂದು ಎಲೆಯ ತುದಿಗೂ ಒಂದೊಂದು ಬಾಯಿ. ಎರಡು ದವಡೆ, ಅಂಚಿಗೆ ಕಣ್ಣಿನ ರೆಪ್ಪೆಯಂಥ ಹಲ್ಲು, ಒಳಗೆಲ್ಲ ಕೆಂಪು. ಮೊದಲ ದಿನ ನೋಡಿದಾಗ ನನಗೂ ತುಸು ಅಂಜಿಕೆಯಾಯಿತು. ಆಮೇಲೆ ಅದರ ಬಗ್ಗೆ ಓದುತ್ತ ಹೋದಂತೆ ಅಯ್ಯೋ ಪಾಪ ಅನ್ನಿಸಿತು. ಇವು ಹುಟ್ಟಿದ್ದು ಸತ್ವವೇ ಇಲ್ಲದ ಜೌಗು ನೆಲದಲ್ಲಂತೆ. ಬೇರಿಗೆ ಸಿಗಬೇಕಾದದ್ದು ಮಣ್ಣಿನಲ್ಲಿ ಸಿಗದೆ, ಹಾರಿಹೋಗುವ ಹುಳದಿಂದಾದರೂ ದಕ್ಕಲಿ ಎಂದು ಎಲೆಯನ್ನೇ ಬಾಯಿ ಮಾಡಿಕೊಂಡವು. ನಾವು ಅದನ್ನು ಮಾಂಸಾಹಾರಿ ಅಂದು ಮೂಗು ಮುರಿಯುತ್ತೇವೆ. ಅದಕ್ಕೆ ಹಗೆತನವಿಲ್ಲ, ಬಡತನ ಇದೆ, ಅಷ್ಟೆ. ಬಡತನದಲ್ಲೇ ಬೆಳೆದು ಬೆಳೆದು ಈಗ ಅದಕ್ಕೆ ಒಳ್ಳೆಯ ಮಣ್ಣು ಕೊಟ್ಟರೂ ಒಗ್ಗುವುದಿಲ್ಲ.

ನೀರಿನ ಸಮಸ್ಯೆ ಮಾತ್ರ ನನ್ನ ಅಂಗಡಿಯಿಂದಲೇ ಬಗೆಹರಿಯಿತು. ಇಬ್ರಾಹಿಂಪುರ ಬಡಾವಣೆಯ ನಮ್ಮ ಮನೆಯ ಬೋರಿನ ನೀರು ತುಂಬಿಟ್ಟ ಬಕೆಟ್ಟಿಗೆ ವಾರದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರು ಕಟ್ಟುತ್ತದೆ. ಈ ಗಿಡಕ್ಕೆ ಅಂಥ ನೀರು ವಿಷ. ಮಳೆನೀರು ಬೇಕಂತೆ. ವಿಜಯಪುರದಲ್ಲಿ ಕೂತು ಮಳೆನೀರೇ ಬೇಕೆಂದರೆ ಯಾರು ತರುವುದು? ಸುಲ್ತಾನರ ಕಾಲದಲ್ಲೂ ನೀರಿಗಾಗಿ ನೆಲದೊಳಗೆ ಸುರಂಗ ತೋಡಿದ ಊರಿದು. ಆಗ ಹೊಳೆದದ್ದು ಬ್ಯಾಟರಿ ನೀರು. ಬ್ಯಾಟರಿಗೆ ಹಾಕುವ ನೀರಿನಲ್ಲೂ ಉಪ್ಪಿರಬಾರದು, ಸುಣ್ಣವಿರಬಾರದು. ಅಂಗಡಿಯಿಂದ ಒಂದು ಕ್ಯಾನು ಮನೆಗೆ ಬಂತು. ನನ್ನ ಹೆಂಡತಿ ಸುಮಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಹಿಂಗ ಹಾಕ್ಕೋತ ಹೋಗ್ರಿ. ಕರೆಂಟ್ ಹೋದಾಗ ಅದಕ್ಕೊಂದು ಬಲ್ಬ್ ಸಿಗಿಸೂಣಂತ” ಅಂದಳು.

ಇನ್ನು ಬಂದು ಹೋಗುವವರ ಕಾಟ. ಗಿಡವಿದ್ದ ಕಿಟಕಿಯ ಹತ್ತಿರ ಕೂತವರಿಗೆಲ್ಲ ಅದರ ಬಾಯಲ್ಲಿ ಬೆರಳಾಡಿಸುವ ಚಪಲ. ಬಾಯಿ ಟಪ್ಪನೆ ಮುಚ್ಚಿದರೆ ಎಲ್ಲರೂ ಹೋ ಎಂದು ನಗುವುದು. ಒಳಗೆ ಏನೂ ಇಲ್ಲವೆಂದು ತಿಳಿದು ಅದು ಮತ್ತೆ ಬಾಯಿ ತೆರೆಯಲು ಒಂದು ದಿನವಾದರೂ ಬೇಕು. ಹೀಗೆ ನಾಲ್ಕಾರು ಸಲ ಮೋಸಹೋದ ಎಲೆ ಕರಿದಾಗಿ ಒಣಗಿಹೋಗುತ್ತದೆ. ಪಕ್ಕದ ಮನೆಯ ಕಲಾವತಿಯವರಿಗೆ ಇನ್ನೂ ಹೆಚ್ಚಿನ ಕರುಣೆ. ‘ಬಾಯಿ ತಕ್ಕೊಂಡು ಕುಂತೈತಿ, ಹಸದಿರಬೇಕು’ ಎಂದು ನಾನಿಲ್ಲದಾಗ ಶೇಂಗಾ ಹೋಳಿಗೆಯ ಚೂರು ಹಾಕಿ ಹೋದರು. ಆ ಬಾಯಿ ಹೋಳಿಗೆ ಸಮೇತ ಕೊಳೆಯಿತು. ನನಗೆ ಅಳುವೇ ಬಂತು. ಆಮೇಲೆ ಕಿಟಕಿಗೆ ‘ಒತ್ತಾಯ ಮಾಡಬಾರದು’ ಎಂದು ಬರೆದು ಅಂಟಿಸಿದೆ. ಈ ಗಿಡದಿಂದ ನಾನು ಯಾವುದಾದರೂ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡು ಕಲಿತಿದ್ದರೆ ಅದು ಇದೇ. ಹಚ್ಚಿಕೊಂಡದ್ದು ತುಸು ಹೆಚ್ಚಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಆಗಲೇ ನೀಲಕ್ಕ ಬಂದಳು. ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಉಣಿಸಿದವಳು. ಬಿಜ್ಜರಗಿಗೆ ಕೊಟ್ಟಿದೆ. ಅವರದು ದ್ರಾಕ್ಷಿ ತೋಟ, ಹತ್ತಿಪ್ಪತ್ತು ಆಡು, ಬಿಡುವಿಲ್ಲದ ಬದುಕು. ಪಿತ್ತಕೋಶದಲ್ಲಿ ಹರಳಾಗಿ ಇಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಭಾರ ಎತ್ತಬಾರದು, ಸ್ವಲ್ಪಸ್ವಲ್ಪವೇ ಹಲವು ಸಲ ಉಣ್ಣಬೇಕು ಎಂದರು ಡಾಕ್ಟರು. ಊರಿಗೆ ಹೋದರೆ ಇವಳು ಸುಮ್ಮನೆ ಕೂರುವವಳಲ್ಲ ಎಂದು ನಾನೇ ಹಟ ಮಾಡಿ ನಮ್ಮ ಮನೆಗೆ ಕರೆತಂದೆ.

ಬಂದ ಮರುದಿನವೇ ಅಕ್ಕ ಗಿಡದ ಮುಂದೆ ಕುರ್ಚಿ ಹಾಕಿಕೊಂಡಳು. ಬಳ್ಳಿ ಬೆಳೆಸಿದವಳ ಕಣ್ಣು. ಕುಂಡದ ಮಣ್ಣು ಮುಟ್ಟಿ ನೋಡಿ, “ಬರೇ ನೀರ ಕುಡಿಸಿ ಕುಂಡ್ರಿಸೀಯಲ್ಲೋ ಇದನ್ನ. ಒಂದು ಹಿಡಿ ಆಡಿನ ಗೊಬ್ಬರಾ ಹಾಕ” ಅಂದಳು. ಬೇಡವೆಂದೆ. ಆಕೆಗೆ ಸಮಾಧಾನವಾಗಲಿಲ್ಲ. “ನಾವು ದ್ರಾಕ್ಷಿ ಗೊಂಚಲಾ ಒಂದೊಂದ ಹಿಡದು ಮಗ್ಗಿನಾಗ ಔಷಧಕ್ಕ ಅದ್ದತೀವಿ. ಎಕರೆಗಟ್ಟಲೆ ಅದ್ದತೀವಿ. ಇದರವು ಹತ್ತ ಬಾಯಿ, ಎಷ್ಟೊತ್ತಿನ ಕೆಲಸ ತಮ್ಮಾ?” ಅಕ್ಕನ ಕೈಗೆ ಸಿಗದಂತೆ ಮನೆಯ ಮಗ್ಗುಗಳನ್ನೆಲ್ಲ ಎರಡು ದಿನ ಮೇಲಿನ ಅಟ್ಟದಲ್ಲಿಟ್ಟಿದ್ದೆ ಎಂದರೆ ನೀವು ನಗಬಾರದು. ಕೊನೆಗೆ ಆಕೆ ಸೋತು ಅದಕ್ಕೊಂದು ಹೆಸರಿಟ್ಟಳು: ಗೌಡಸಾನಿ. ಕೂತಲ್ಲಿಂದ ಏಳುವುದಿಲ್ಲ, ಊಟ ತಾನಾಗಿಯೇ ನಡೆದು ಬಾಯಿಗೆ ಬರಬೇಕು, ಅದಕ್ಕೆ.

ಗೌಡಸಾನಿಯ ಊಟದ ಚಿಂತೆ ಮಾಡುತ್ತಿದ್ದ ಅಕ್ಕ ತಾನು ಮಾತ್ರ ಸುಲಭಕ್ಕೆ ಊಟಕ್ಕೆ ಒಪ್ಪುತ್ತಿರಲಿಲ್ಲ. ಸುಮಾ ತಾಟು ತಂದರೆ “ಒಲ್ಲೆ ತಂಗಿ” ಎನ್ನುವುದು. “ಹಂಗಂದ್ರ ಹ್ಯಾಂಗ್ರಿ ಅಕ್ಕಾರ, ಅರ್ಧಾ ರೊಟ್ಟಿ” ಎಂದು ಸುಮಾ ಬೆನ್ನು ಹತ್ತುವುದು. ಮತ್ತೆ ‘ಒಲ್ಲೆ’, ಮತ್ತೆ ಒತ್ತಾಯ, ಮೂರನೆಯ ಸಲಕ್ಕೆ ಅಕ್ಕ ಒಂದು ರೊಟ್ಟಿ ಮುಗಿಸುವುದು. ಇದನ್ನು ನೋಡಿದ ನನ್ನೊಳಗಿನ ಸಸ್ಯಪಂಡಿತ ಎಚ್ಚೆತ್ತ. ಸುಮಾಳನ್ನು ಅಡುಗೆಮನೆಗೆ ಕರೆದು, “ಆಕಿಗೆ ಒತ್ತಾಯ ಮಾಡಬ್ಯಾಡ. ಒಮ್ಮೆ ಕೇಳು, ಒಲ್ಲೆ ಅಂದ್ರ ಬಿಡು. ಮತ್ತ ಮತ್ತ ಕೇಳಬ್ಯಾಡ” ಎಂದೆ. ಬಲವಂತಕ್ಕೆ ಬಾಯಿ ಮುಚ್ಚಿ ಕರಿದಾದ ಎಲೆಗಳ ಉದಾಹರಣೆಯನ್ನೂ ಕೊಟ್ಟೆ. ಸುಮಾ ಲಟ್ಟಣಿಗೆ ಕೆಳಗಿಟ್ಟು, “ಆಕಿ ಗಿಡ ಅಲ್ರಿ. ನಿಮ್ಮಕ್ಕ” ಅಂದಳು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಜ್ಞಾನ ಹೊಸದಾಗಿ ಬಂದಾಗ ಹಾಗೇ ಆಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಶಿಸ್ತು. ಸುಮಾ ಒಮ್ಮೆ ಕೇಳುತ್ತಿದ್ದಳು, ಅಕ್ಕ ಒಲ್ಲೆ ಅನ್ನುತ್ತಿದ್ದಳು, ತಾಟು ಒಳಗೆ ಹೋಗುತ್ತಿತ್ತು. ಅಕ್ಕ ಆ ತಾಟಿನ ಹಿಂದೆಯೇ ಒಂದು ಕ್ಷಣ ನೋಡಿ ಮತ್ತೆ ಗಿಡದ ಕಡೆ ತಿರುಗುತ್ತಿದ್ದಳು. ನಾನು ಅದನ್ನು ಕಂಡೂ ಕಾಣದವನಾದೆ. ಹತ್ತು ದಿನದಲ್ಲಿ ಆಕೆಯ ಕತ್ತಿನ ಎಲುಬು ಎದ್ದು ಕಂಡವು. ಕೈಯೆತ್ತಿದರೆ ಹಸಿರು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರಿಗೆ ತೋರಿಸಿದರೆ ಎಲ್ಲ ಸರಿಯಿದೆ, ಚೆನ್ನಾಗಿ ಉಣ್ಣಲಿ ಅಂದರು. ನನಗೆ ನಿಜವಾಗಿ ಹೆದರಿಕೆಯಾಗತೊಡಗಿತು. ನನ್ನನ್ನು ಎತ್ತಿ ಆಡಿಸಿದ ಕೈ ಅದು.

ಅಷ್ಟರಲ್ಲಿ ಬಿಜ್ಜರಗಿಯಿಂದ ಮಾವನ, ಅಂದರೆ ಅಕ್ಕನ ಗಂಡನ, ಫೋನು ಬಂತು. ತೋಟದಲ್ಲಿ ಚಾಟ್ನಿ ಶುರುವಾಗಿತ್ತು. ಚಾಟ್ನಿ ಅಂದರೆ ಬಳ್ಳಿ ಸವರುವುದು. ವರ್ಷದ ಬೆಳೆಯೆಲ್ಲ ಆ ಕತ್ತರಿಯ ಮೇಲೇ ನಿಂತಿರುತ್ತದೆ. ಹತ್ತು ಹನ್ನೆರಡು ಆಳುಗಳ ಅಡುಗೆ, ಚಹಾ, ನೀರು. ಮಾವ ಬಾ ಅನ್ನಲಿಲ್ಲ, ಆರಾಮ ಇದ್ದೀಯಾ ಎಂದಷ್ಟೇ ಕೇಳಿದರು. ಆದರೆ ಅಕ್ಕ ಫೋನಿಟ್ಟವಳೇ, “ಸೋಮವಾರ ಹೊಂಟೇನಿ” ಅಂದಳು. ಹೋದ ದಿನವೇ ಆಕೆ ತುಂಬಿದ ಕೊಡ ಎತ್ತುತ್ತಾಳೆ ಎಂದು ನನಗೆ ಗೊತ್ತು. ಹೊಲಿಗೆ ಇನ್ನೂ ಪೂರ್ತಿ ಮಾಗಿರಲಿಲ್ಲ. “ಇನ್ನೊಂದು ಹದಿನೈದು ದಿನ ಇರಲ್ಲಕ್ಕಾ” ಅಂದೆ. “ಒಲ್ಲೋ, ಮನಿ ನೋಡಬೇಕಲ್ಲ.” ಒತ್ತಾಯ ಮಾಡಬಾರದೆಂಬ ನನ್ನದೇ ಫಲಕವನ್ನು ನೆನೆದು, “ಆತ ಬಿಡು, ನಿನ್ನ ಇಷ್ಟ” ಎಂದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಖೆ ಇರಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಗೌಡಸಾನಿಗೆ ಊಟದ ದಿನ. ಕಡ್ಡಿಪೆಟ್ಟಿಗೆಯಲ್ಲಿ ಒಂದು ಒಳ್ಳೆಯ ನೊಣ ಗುಂಯ್‌ಗುಡುತ್ತಿತ್ತು. ಗಿಡದ ಒಂದು ಬಾಯಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ನೊಣವನ್ನು ಒಳಗೆ ಬಿಟ್ಟೆ. ಅಕ್ಕ ಕುರ್ಚಿ ಹತ್ತಿರ ಎಳೆದುಕೊಂಡಳು. ನೊಣ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಕೆಂಪು ದವಡೆಯ ಮೇಲಿಳಿದು, ಒಳಗಿದ್ದ ಕೂದಲಿನಂಥ ಒಂದು ಎಳೆಯನ್ನು ಕಾಲಿನಿಂದ ತಾಕಿತು. ಗಿಡ ಅಲುಗಾಡಲಿಲ್ಲ.

“ಯಾಕ ಮುಚ್ಚವಲ್ದು? ಬಾಯಾಗ ಬಂದ ಕುಂತೈತಲ್ಲೋ” ಅಂದಳು ಅಕ್ಕ.

ನಾನು ಮಾಸ್ತರಿಕೆ ಶುರುಮಾಡಿದೆ. ಒಂದು ಸಲ ತಾಕಿದರೆ ಇದು ನಂಬುವುದಿಲ್ಲ ಅಕ್ಕಾ, ಮಳೆಹನಿ ಬಿದ್ದಿರಬಹುದು, ಧೂಳು ಬಿದ್ದಿರಬಹುದು. ಸುಮ್ಮನೆ ಕಾಯುತ್ತದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಎರಡನೆಯ ಸಲ ತಾಕಿತೋ, ಇದು ನಿಜ ಎಂದು ತಿಳಿದು ಬಾಯಿ ಮುಚ್ಚುತ್ತದೆ. ಹೀಗೆ ಹೇಳುತ್ತಿದ್ದಂತೆಯೇ ನೊಣ ಇನ್ನೊಂದು ಹೆಜ್ಜೆ ಇಟ್ಟಿತು. ಬಾಯಿ ಟಪ್ಪನೆ ಮುಚ್ಚಿತು. ಅಕ್ಕ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಆಕೆ ಅಷ್ಟು ನಕ್ಕದ್ದು ಅದೇ ಮೊದಲು.

“ಶಾಣ್ಯಾಕಿ ಅದಾಳ ನಮ್ಮ ಗೌಡಸಾನಿ” ಅಂದಳು. “ಒಮ್ಮೆ ಕರದ್ರ ಯಾರ ಏಳ್ತಾರ? ಒಮ್ಮೆ ಕರಿಯೂದು ಬಾಯಿಮಾತಿಗೆ. ಎರಡನೇ ಸಲ ಕರದಾಗ ಗೊತ್ತಾಕ್ಕತಿ, ಮನಸಿನಿಂದ ಕರ್ಯಾಕತ್ತಾರ ಅಂತ.”

ಆಕೆ ಇದನ್ನು ನನಗೆ ಹೇಳಲಿಲ್ಲ, ಗಿಡಕ್ಕೆ ಹೇಳಿದಳು. ಹೇಳಿ, ನಿಧಾನಕ್ಕೆ ಎದ್ದು, ಚೀಲ ತುಂಬಿಕೊಳ್ಳಲು ಒಳಗೆ ಹೋದಳು. ನಾನು ಲೋಟ ಹಿಡಿದು ನಿಂತಲ್ಲೇ ನಿಂತೆ.

ನನಗೆ ಇದು ತಿಳಿಯದ ಸಂಗತಿಯೇ? ನಮ್ಮ ಕಡೆ ಚಹಾ ಕುಡೀರಿ ಎಂದರೆ ಈಗ ತಾನೇ ಆಯ್ತು ಅನ್ನಬೇಕು. ಆಗ ಕರೆದವರು “ಏ ಬರ್ರಿ, ಅರ್ಧಾ ಕಪ್” ಅನ್ನಬೇಕು. ಆಮೇಲೆ ತುಂಬಿದ ಕಪ್ಪೇ ಬರಬೇಕು. ಮೊದಲ ಕರೆಗೇ ಕೂತವನನ್ನು ನಾವು ಹಸಿದವನು ಅನ್ನುತ್ತೇವೆ, ಒಮ್ಮೆ ಕರೆದು ಬಿಟ್ಟವನನ್ನು ಹಸಿದವನಿಗಿಂತ ಕಡೆಯಾಗಿ ಕಾಣುತ್ತೇವೆ. ಹದಿನೆಂಟನೆಯ ವಯಸ್ಸಿನಲ್ಲಿ ಟಿಕೋಟಾದ ಒಂದು ಮನೆಗೆ ಮದುವೆ ಕಾರ್ಡು ಕೊಡಲು ಹೋಗಿದ್ದೆ. ತುಪ್ಪ ಹಾಕಿದ ಎರಡು ಹೋಳಿಗೆ ಮುಂದೆ ಬಂದವು. ಸಂಪ್ರದಾಯದಂತೆ “ಈಗ ಉಂಡು ಬಂದೇನ್ರಿ” ಅಂದೆ. ಆ ಮನೆಯ ಯಜಮಾನರು ಬಹಳ ವರ್ಷ ಹೊರಗೆ ನೌಕರಿ ಮಾಡಿ ಬಂದವರು. “ಹಂಗಾದ್ರ ಒತ್ತಾಯ ಇಲ್ಲ” ಅಂದರು. ತಾಟು ಒಳಗೆ ಹೋಯಿತು. ವಿಜಯಪುರ ಮುಟ್ಟುವವರೆಗೂ ಬಸ್ಸಿನಲ್ಲಿ ನನ್ನ ಮೂಗಿನಿಂದ ಆ ತುಪ್ಪದ ವಾಸನೆ ಹೋಗಲಿಲ್ಲ. ಮೂವತ್ತು ವರ್ಷ ಆ ಮನೆಯವರನ್ನು ಆಡಿಕೊಂಡು ತಿರುಗಿದ ನಾನು ನನ್ನ ಅಕ್ಕನಿಗೆ ಹತ್ತು ದಿನ, ಹೊತ್ತುಹೊತ್ತಿಗೂ, ಅದನ್ನೇ ಮಾಡಿದ್ದೆ. ಗಿಡದ ಪಾಠದಲ್ಲಿ ಬೆರಳು ಹಾಕಬೇಡಿ ಎಂಬ ಒಂದು ಸಾಲನ್ನು ಬಾಯಿಪಾಠ ಮಾಡಿ, ಎರಡನೆಯ ಸಲ ತಾಕಿದಾಗ ಎಂಬ ಸಾಲನ್ನು ಬಿಟ್ಟುಬಿಟ್ಟಿದ್ದೆ. ಶಾಲೆಯಲ್ಲೂ ನಾನು ಹೀಗೆಯೇ ಅರ್ಧ ಓದಿ ಪರೀಕ್ಷೆಗೆ ಕೂರುತ್ತಿದ್ದೆ.

ಒಳಗೆ ಹೋದೆ. ಅಕ್ಕ ಸೀರೆ ಮಡಚುತ್ತಿದ್ದಳು.

“ಅಕ್ಕಾ, ಹೋಗಬ್ಯಾಡ ಬೇ” ಅಂದೆ.

“ಚಾಟ್ನಿ ನಡದೈತಪಾ. ಮನಿ ನೋಡಬೇಕು.”

“ಮಾವಗ ನಾ ಮಾತಾಡತೇನಿ. ಆಳಿನ ಅಡಗಿಗೆ ಯಾರನ್ನಾರ ಹಚ್ಚತಾರ. ದೀಪಾವಳಿ ಮುಗಿಯೂತನಕ ನೀ ಇಲ್ಲೇ ಇರಬೇಕು. ನಾ ಬಿಡಾಂವಲ್ಲ.”

ಸೀರೆಯ ಮೇಲೆ ಆಕೆಯ ಕೈ ನಿಂತಿತು. ನನ್ನ ಮುಖ ನೋಡದೆ, “ಒತ್ತಾಯ ಮಾಡಬ್ಯಾಡ, ಮತ್ತ ಮತ್ತ ಕೇಳಬ್ಯಾಡ ಅಂತ ಸುಮಾಗ ಹೇಳಿದಿ. ಅಡಗಿಮನಿ ಮಾತು ಇಲ್ಲಿ ತನಕಾ ಕೇಳತೈತೋ ತಮ್ಮಾ. ಅಷ್ಟ ಕಿವಿಗೆ ಬಿತ್ತು, ತಮ್ಮನ ಮನಿಗೆ ಭಾರ ಆದೆ ಅಂತ ತಿಳಕೊಂಡೆ” ಅಂದಳು.

ಎಲೆ, ಬೆರಳು, ಹೋಳಿಗೆಯ ಚೂರು, ಕರಿದಾದ ಬಾಯಿ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಐವತ್ತರ ಹತ್ತಿರದ ಗಂಡಸು ನೊಣ ತಿನ್ನುವ ಗಿಡದ ದೆಸೆಯಿಂದ ಅಳುವುದನ್ನು ಅಕ್ಕ ಬಾಯಿ ತೆರೆದು ನೋಡಿದಳು. “ನನ್ನ ಗಿಡಾ ಮಾಡಿದೇನೋ ಹುಚ್ಚಪ್ಪಾ?” ಎಂದು ನನ್ನ ತಲೆಗೊಂದು ಮೊಟಕಿದಳು. ಆಕೆಯ ಕಣ್ಣಲ್ಲೂ ನೀರಿತ್ತು.

ಸುಮಾ ಒಂದು ಬಟ್ಟಲಲ್ಲಿ ಜೋಳದ ನುಚ್ಚು ಮಜ್ಜಿಗೆ ಕಲಸಿ ತಂದು ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾರ, ಒಂದೀಟ ಉಣ್ರಿ” ಅಂದಳು.

“ಒಲ್ಲೆ ತಂಗಿ” ಅಂದಳು ಅಕ್ಕ.

ಸುಮಾ ಮತ್ತೆ ಕೇಳಲಿಲ್ಲ. ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನಾನು ಅಕ್ಕನ ಎದುರು ನೆಲದ ಮೇಲೆ ಕೂತು, “ಉಣ್ಣ ಬೇ ಅಕ್ಕಾ” ಅಂದೆ. ಅಕ್ಕ ಜಾರಿದ ಬಳೆಗಳನ್ನು ಮುಂಗೈಗೆ ಎಳೆದುಕೊಂಡು ಬಟ್ಟಲಿಗೆ ಕೈ ಚಾಚಿದಳು. ಬಟ್ಟಲು ಖಾಲಿಯಾದ ಮೇಲೆ ಮತ್ತೆ ಹಾಕಲೇ ಎಂದು ಎರಡು ಸಲ ಕೇಳಿದೆ. ಎರಡನೆಯ ಸಲಕ್ಕೆ ಹೂಂ ಅಂದಳು.

ದೀಪಾವಳಿ ಮುಗಿಸಿಕೊಂಡೇ ಅಕ್ಕ ಊರಿಗೆ ಹೋದದ್ದು. ಹೋಗುವಾಗ ಬಳೆ ಮುಂಗೈಯಲ್ಲೇ ನಿಲ್ಲುತ್ತಿದ್ದವು. ಚಳಿಗಾಲದಲ್ಲಿ ಗೌಡಸಾನಿಯ ಎಲೆಗಳು ಒಂದೊಂದಾಗಿ ಕರಿದಾದಾಗ ನಾನು ಗಾಬರಿಯಾಗಿ ಅಕ್ಷತಾಗೆ ಫೋನು ಮಾಡುವ ಬದಲು ಅಕ್ಕನಿಗೇ ಮಾಡಿದೆ. “ಒಣಗಿದ್ದು ಕತ್ತರಿಸಿ ಸುಮ್ನ ಬಿಡೋ. ಬಳ್ಳಿಗೂ ಒಂದೀಟ ನಿದ್ದಿ ಬೇಕಾಕ್ಕತಿ” ಅಂದಳು. ಹಾಗೇ ಮಾಡಿದೆ. ಈಗ ನಡುವಿನಿಂದ ಬೆಂಕಿಕಡ್ಡಿಯ ತಲೆಯಷ್ಟು ಎರಡು ಹೊಸ ಬಾಯಿ ಬರುತ್ತಿವೆ.

ನಿನ್ನೆ ಅಂಗಡಿಯಲ್ಲಿ ಕೂತಿದ್ದಾಗ ಅಕ್ಕನ ಫೋನು ಬಂತು. ದ್ರಾಕ್ಷಿ ಕಟಾವು ನಡೆದಿದೆ, ಎಲ್ಲರೂ ಬರ್ರಿ ಅಂದಳು. ಅಂಗಡಿ ಬಿಟ್ಟು ಬರುವುದು ಕಷ್ಟ ಅಕ್ಕಾ, ನೋಡೋಣ ಅಂದೆ. ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂತು. “ಆತ ಬಿಡೋ, ನಿನ್ನ ಇಷ್ಟ” ಎಂದು ಅಕ್ಕ ಫೋನಿಟ್ಟೇಬಿಟ್ಟಳು.

ಗಿರಾಕಿಯೊಬ್ಬರು ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಮುಚ್ಚದೆ, ಅಲುಗಾಡದೆ, ಮನಸ್ಸಿನಲ್ಲೇ ಇಪ್ಪತ್ತರತನಕ ಎಣಿಸಲು ಕೂತೆ. ಹದಿನೆಂಟಕ್ಕೆ ಅದು ಮತ್ತೆ ಬಡಿದುಕೊಂಡಿತು.